ಮದುವೆಗೆ ಮುಂಚೆ ಅವನು ಅಮೆರಿಕಕ್ಕೆ ಬಂದು ಹೋದದ್ದು

ನಾನು ಅಮೆರಿಕನ್ ಸಿಟಿಜನ್, ಅವನು ಬೇರೆ ದೇಶದವನು. ನಿಶ್ಚಿತಾರ್ಥ ಆಗಿತ್ತು, ಮದುವೆ ದಿನ ಗೊತ್ತಾಗಿರಲಿಲ್ಲ. ಒಮ್ಮೆ ಬಂದು ನಮ್ಮ ಮನೆಯವರನ್ನು ನೋಡಿಕೊಂಡು ಹೋಗಲಿ ಅನ್ನುವುದಷ್ಟೇ ನನ್ನ ಆಸೆ.

"ಕೆ-1 (ನಿಶ್ಚಿತಾರ್ಥ ಆದವರಿಗೆ ಕೊಡುವ ವೀಸಾ) ಹಾಕಿಬಿಡು" ಅಂದವರೇ ಜಾಸ್ತಿ. ಆದರೆ ಕೆ-1 ಇರುವುದು ಮದುವೆ ಆಗಲೆಂದೇ ಬರುವವರಿಗೆ. ಬಂದ 90 ದಿನದೊಳಗೆ ಮದುವೆ ಆಗಬೇಕು, ಇಲ್ಲವೇ ವಾಪಸ್ ಹೋಗಬೇಕು. ಆ ಗಡುವು ಮುಂದಕ್ಕೆ ಹೋಗುವುದಿಲ್ಲ. (ಗ್ರೀನ್ ಕಾರ್ಡ್ ಇರುವವರಿಗೆ ಈ ದಾರಿಯೇ ಇಲ್ಲ, ಸಿಟಿಜನ್‌ಗಳಿಗೆ ಮಾತ್ರ.) ಹಾಗಾಗಿ ಬಿ-2, ಅಂದರೆ ಸಾದಾ ಪ್ರವಾಸಿ ವೀಸಾಗೆ ಹಾಕಿದೆವು.

ತೊಡಕು ಇರುವುದು ಅಲ್ಲೇ. ಬರುವವರು ನೆಲೆಸಲೆಂದೇ ಬರುತ್ತಾರೆ ಅಂತ ಅಮೆರಿಕದ ಕಾನೂನು ಮೊದಲೇ ಅಂದುಕೊಂಡಿರುತ್ತದೆ. ಹಾಗಲ್ಲ ಅಂತ ತೋರಿಸುವುದು ಅರ್ಜಿ ಹಾಕಿದವರ ಕೆಲಸ. ಮದುವೆ ಆಗುವ ಹುಡುಗಿ ಅಲ್ಲೇ ಇದ್ದಾಳೆ ಅಂದರೆ ಅನುಮಾನ ಇನ್ನೂ ಜಾಸ್ತಿ, ಅಲ್ವಾ? "ಸುಮ್ನೆ ಫ್ರೆಂಡ್ ಅಂತ ಬರೆಯಿರಿ" ಅಂತ ಹೇಳಿಕೊಟ್ಟವರೂ ಇದ್ದರು. ಆದರೆ ವೀಸಾ ಅರ್ಜಿಯ ಡಿಎಸ್-160 ಫಾರಂನಲ್ಲಿ ಅಮೆರಿಕದಲ್ಲಿರುವ ಹತ್ತಿರದ ಸಂಬಂಧಿಕರ ಬಗ್ಗೆ ಕೇಳುತ್ತಾರೆ. ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರ ಜೊತೆ ನಿಶ್ಚಿತಾರ್ಥ ಆದವರೂ ಆ ಲೆಕ್ಕಕ್ಕೆ ಬರುತ್ತಾರೆ. ಅವನು ಅಲ್ಲಿ ನನ್ನ ಹೆಸರು ಹಾಕಿದ. ಸುಳ್ಳು ಬರೆದು ಸಿಕ್ಕಿಬಿದ್ದರೆ ಮುಂದೆ ಮದುವೆ ವೀಸಾಗೆ ಹೋದಾಗಲೂ ಅದು ಬೆನ್ನು ಬಿಡುವುದಿಲ್ಲ.

ನಾನು ಬರೆಯುವ ಆಹ್ವಾನ ಪತ್ರ ಕಡ್ಡಾಯ ಅಲ್ಲ, ಅದರಿಂದ ದೊಡ್ಡ ಉಪಯೋಗವೂ ಇಲ್ಲ. ಅವನ ಕಾಗದಗಳೇ ಮುಖ್ಯ. ಕೆಲಸಕ್ಕೆ ವಾಪಸ್ ಸೇರುವ ತಾರೀಖು ಇದ್ದ ರಜೆ ಪತ್ರ, ಮನೆ ಬಾಡಿಗೆ ಕರಾರು, ಅವನದೇ ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟುಕೊಂಡು ಹೋದ. ಸಂದರ್ಶನದಲ್ಲಿ ನೇರವಾಗಿಯೇ ಕೇಳಿದರಂತೆ, "ಅಲ್ಲೇ ಮದುವೆ ಆಗ್ತೀರಾ?" "ಇಲ್ಲ, ಅವರ ಮನೆಯವರನ್ನು ನೋಡಿ ಬರುತ್ತೇನೆ. ರಜೆ ಮುಗಿದ ಮೇಲೆ ಕೆಲಸಕ್ಕೆ ಹೋಗಬೇಕು" ಅಂದ. ಅದು ನಿಜವೂ ಆಗಿತ್ತು.

ವೀಸಾ ಸಿಕ್ಕಿತು ಅಂದರೆ ಒಳಗೆ ಬಿಟ್ಟರು ಅಂತಲ್ಲ. ಎಷ್ಟು ದಿನ ಇರಬಹುದು ಅಂತ ತೀರ್ಮಾನಿಸುವುದು ವಿಮಾನ ನಿಲ್ದಾಣದ ಅಧಿಕಾರಿ. ಎಷ್ಟರವರೆಗೆ ಇರಬಹುದು ಅನ್ನುವ ತಾರೀಖು ಐ-94ರಲ್ಲಿ, ಅಂದರೆ ಒಳಗೆ ಬಂದದ್ದರ ದಾಖಲೆಯಲ್ಲಿ ಇರುತ್ತದೆ, ವೀಸಾದ ಮೇಲಿನ ತಾರೀಖನ್ನು ನೋಡಿಕೊಂಡು ಕೂರಬಾರದು. ಅವನು ಅದಕ್ಕೂ ಎಷ್ಟೋ ಮೊದಲೇ ಹೊರಟ. ಬೋರ್ಡಿಂಗ್ ಪಾಸ್, ಫೋಟೊ ಎಲ್ಲ ಎತ್ತಿಟ್ಟೆವು. ಮುಂದೆ ಕೆ-1 ಹಾಕಬೇಕು ಅಂದರೆ, ಅರ್ಜಿಗೆ ಹಿಂದಿನ 2 ವರ್ಷದೊಳಗೆ ಇಬ್ಬರೂ ಎದುರುಬದುರು ಭೇಟಿ ಆಗಿದ್ದಕ್ಕೆ ಸಾಕ್ಷಿ ಬೇಕು.

ಕೊನೆಗೆ ನಾವು ಕೆ-1 ಹಾಕಲೇ ಇಲ್ಲ. ಅವನ ದೇಶದಲ್ಲೇ ಮದುವೆಯಾಗಿ ಸಿಆರ್-1, ಅಂದರೆ ಗಂಡ-ಹೆಂಡತಿಗೆ ಕೊಡುವ ವೀಸಾಗೆ ಹಾಕಿದೆವು. ಕೆ-1ರಲ್ಲಿ ಬಂದರೆ ಮದುವೆ ಆದಮೇಲೆ ಗ್ರೀನ್ ಕಾರ್ಡ್‌ಗೆ ಮತ್ತೊಂದು ಅರ್ಜಿ, ಮತ್ತೊಂದು ಫೀಸು. ಸಿಆರ್-1ರಲ್ಲಿ ಬಂದವರು ಬಂದ ದಿನದಿಂದಲೇ ಕೆಲಸ ಮಾಡಬಹುದು.