ಅಂಗಡಿಗೆ ಒಂದು ಸ್ಟಾರ್ ಬಿದ್ದರೆ ಏನು ಮಾಡಬೇಕು?

ಬಳ್ಳಾರಿಯಲ್ಲಿ ಜೀನ್ಸ್ ಹೊಲಿದು ಮಾರುವವರು ವರ್ಷವಿಡೀ ಕೇಳುವ ದೂರು ಒಂದೇ: ‘ಬಣ್ಣ ಬಿಟ್ಟೈತೆ.’ ಮೂರು ವರ್ಷದ ಹಿಂದೆ, ದೀಪಾವಳಿ ವ್ಯಾಪಾರದ ಗದ್ದಲದಲ್ಲಿ, ನಮ್ಮ ಅಂಗಡಿಯ ಗೂಗಲ್ ಪುಟಕ್ಕೂ ಅದು ಬಂತು. ಒಂದು ಸ್ಟಾರ್, ನೀಲಿ ಮೆತ್ತಿಕೊಂಡ ಬಿಳಿ ಸೋಫಾದ ಫೋಟೊ, ಕೆಳಗೆ ‘ಮೋಸಗಾರರು’ ಎಂಬ ಒಂದೇ ಪದ. ಹನ್ನೊಂದು ಗಂಟೆಗೆ ಶಟರ್ ಎಳೆದು ಮನೆಗೆ ಬಂದವಳು ಊಟದ ತಟ್ಟೆ ಮುಂದಿಟ್ಟುಕೊಂಡೇ ಉತ್ತರ ಬರೆದೆ: ‘ಒಗೆಯೋದು ಗೊತ್ತಿಲ್ಲದವರು ಜೀನ್ಸ್ ಯಾಕೆ ತಗೋತೀರಿ?’

ಬೆಳಿಗ್ಗೆ ಅಂಗಡಿ ತೆಗೆಯುವಷ್ಟರಲ್ಲಿ ಅದರ ಸ್ಕ್ರೀನ್‌ಶಾಟ್ ಊರಿನ ಮೂರು ವಾಟ್ಸಾಪ್ ಗುಂಪು ಸುತ್ತಿ ನನ್ನ ಫೋನಿಗೇ ವಾಪಸ್ ಬಂದಿತ್ತು. ಸೋಫಾದ ಫೋಟೊವನ್ನು ಯಾರೂ ಹಂಚಿರಲಿಲ್ಲ. ಹಂಚಿದ್ದೆಲ್ಲ ನನ್ನ ಉತ್ತರ.

ಸಣ್ಣ ಅಂಗಡಿ ನಡೆಸುವ ನನ್ನಂಥವರಿಗೆ ಹೇಳಬೇಕಾದದ್ದು ಇಲ್ಲಿಂದಲೇ ಶುರುವಾಗುತ್ತದೆ. ನಿಮ್ಮ ಉತ್ತರವನ್ನು ದೂರು ಕೊಟ್ಟವರು ಒಮ್ಮೆ ಓದಿ ಬಿಡುತ್ತಾರೆ. ನಾಳೆ ಗುಂತಕಲ್ಲಿನಿಂದಲೋ ಸಿರುಗುಪ್ಪದಿಂದಲೋ ಬಸ್ಸು ಹತ್ತುವ ಮುಂಚೆ ನಿಮ್ಮ ಅಂಗಡಿ ಹೆಸರು ಹುಡುಕುವವರು ಅದನ್ನು ನಿಧಾನವಾಗಿ, ಎರಡೆರಡು ಸಲ ಓದುತ್ತಾರೆ. ಬರೆಯಬೇಕಾದದ್ದು ಅವರಿಗಾಗಿ.

ರಾತ್ರಿ ಬರೆಯಬೇಡಿ

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಬೈಗುಳ ಬರೆಯಲೇಬೇಕು ಅನ್ನಿಸಿದರೆ ಹಳೆ ಬಿಲ್ ಪುಸ್ತಕದ ಹಿಂಭಾಗದಲ್ಲಿ ಬರೆಯಿರಿ, ಫೋನು ಮುಟ್ಟಬೇಡಿ. ಬೆಳಿಗ್ಗೆ ಬರೆದದ್ದನ್ನೂ ಹಾಕುವ ಮುಂಚೆ ಮನೆಯಲ್ಲಿ ಒಬ್ಬರಿಗೆ ಗಟ್ಟಿಯಾಗಿ ಓದಿಸಿ. ನನ್ನ ತಂಗಿ ಓದುವಾಗ ಯಾವ ಪದದ ಮೇಲೆ ಹುಬ್ಬು ಏರಿಸುತ್ತಾಳೋ ಆ ಪದ ತೆಗೆದುಹಾಕುತ್ತೇನೆ. ಹಾಗೆಂದು ವಾರಗಟ್ಟಲೆ ಬಿಡಬಾರದು; ಒಂದು ದಿನದೊಳಗೆ ಉತ್ತರ ಇರಲಿ.

ಮೊದಲು ಮಾಲು ನೋಡಿ, ಆಮೇಲೆ ಮಾತು

ನಾನು ಎಡವಿದ್ದು ಇಲ್ಲೇ. ದೂರು ನಿಜವೋ ಸುಳ್ಳೋ ಎಂದು ನೋಡದೆ ಉತ್ತರ ಕೊಟ್ಟಿದ್ದೆ. ಮರುದಿನ ಅದೇ ಲಾಟಿನ ಒಂದು ಪ್ಯಾಂಟು ಎತ್ತಿಕೊಂಡು, ಬಿಳಿ ಕರವಸ್ತ್ರ ಒದ್ದೆ ಮಾಡಿ ತೊಡೆಯ ಭಾಗಕ್ಕೆ ಹತ್ತು ಸಲ ಉಜ್ಜಿದೆ. ಕರವಸ್ತ್ರ ಶಾಯಿಯಲ್ಲಿ ಅದ್ದಿ ತೆಗೆದಂತಾಯಿತು.

ಇಂಡಿಗೊ ಬಣ್ಣದ ಗುಣವೇ ಹಾಗೆ. ಬಣ್ಣದ ತೊಟ್ಟಿಯಿಂದ ಹಳದಿ-ಹಸಿರಾಗಿ ಮೇಲೆ ಬರುವ ನೂಲು ಗಾಳಿ ತಾಕಿದಾಗ ನೀಲಿಯಾಗುತ್ತದೆ. ಆ ನೀಲಿ ಹತ್ತಿಯ ಎಳೆಯ ಒಳಗಿನವರೆಗೂ ಇಳಿಯುವುದಿಲ್ಲ, ಹೊರಗೆ ಬಳೆಯಂತೆ ಸುತ್ತಿಕೊಂಡಿರುತ್ತದೆ. ಹರಿದ ಜೀನ್ಸಿನ ಒಂದು ಎಳೆ ಬಿಡಿಸಿ ನೋಡಿ, ನಡುವೆ ಬೆಳ್ಳಗಿರುತ್ತದೆ. ಮಂಡಿಯ ಹತ್ತಿರ ಚೆಂದವಾಗಿ ಬಣ್ಣ ಮಾಸುವುದು ಇದರಿಂದ. ಬಿಳಿ ಸೋಫಾ ಹಾಳಾಗುವುದೂ ಇದರಿಂದಲೇ. ಹೊಲಿದ ಮೇಲೆ ಚೆನ್ನಾಗಿ ತೊಳೆಸಿದರೆ ಮೇಲೆ ಸಡಿಲವಾಗಿ ಕೂತ ಬಣ್ಣ ಬಹಳಷ್ಟು ಹೋಗುತ್ತದೆ. ಗಾಢ ಬಣ್ಣಕ್ಕೆ ಗಿರಾಕಿ ಜಾಸ್ತಿ ಎಂದು ಆ ಲಾಟಿಗೆ ತೊಳೆತ ಕಡಿಮೆ ಮಾಡಿಸಿದ್ದು ನಾನೇ. ಹಾಗೆ ಮಾಡಿಸಿದ ಮೇಲೆ ಗಿರಾಕಿಗೆ ಒಂದು ಮಾತು ಹೇಳಬೇಕಿತ್ತು, ಅದನ್ನೂ ಹೇಳಿರಲಿಲ್ಲ.

ಈಗ ಪ್ರತಿ ಲಾಟಿಗೂ ಕರವಸ್ತ್ರದ ಪರೀಕ್ಷೆ ಆಗುತ್ತದೆ. ಪ್ರತಿ ಕವರಿನಲ್ಲಿ ಅಂಗೈ ಅಗಲದ ಒಂದು ಚೀಟಿ ಹೋಗುತ್ತದೆ, ಒಂದು ಕಡೆ ಕನ್ನಡ, ಇನ್ನೊಂದು ಕಡೆ ತೆಲುಗು: ‘ಮೊದಲ ಎರಡು ಸಲ ಬೇರೆಯಾಗಿ, ಒಳಮೈ ಹೊರಗೆ ಮಾಡಿ, ತಣ್ಣೀರಲ್ಲಿ ಒಗೆಯಿರಿ. ಅಲ್ಲಿಯವರೆಗೆ ಬಿಳಿ ಬಟ್ಟೆ, ಬಿಳಿ ಸೀಟು ದೂರವಿರಲಿ.’ ಚೀಟಿ ಬಂದ ಮೇಲೆ ಬಣ್ಣದ ದೂರು ಬೆರಳಲ್ಲಿ ಎಣಿಸುವಷ್ಟಕ್ಕೆ ಇಳಿಯಿತು. ನಿಮ್ಮದು ಬೇಕರಿಯೋ ಮೊಬೈಲ್ ರಿಪೇರಿಯೋ ಖಾನಾವಳಿಯೋ ಆಗಿರಬಹುದು, ಮತ್ತೆ ಮತ್ತೆ ಬರುವ ದೂರು ನಿಮಗೂ ಒಂದು ಇದ್ದೇ ಇರುತ್ತದೆ. ಅದಕ್ಕೊಂದು ಚೀಟಿ ಬರೆಯಿರಿ.

ಉತ್ತರ ಎಷ್ಟುದ್ದ?

ನಾಲ್ಕು ವಾಕ್ಯ ಸಾಕು. ಆಗಿದ್ದಕ್ಕೆ ಬೇಜಾರು, ಆಗಿದ್ದೇಕೆ, ಈಗ ಏನು ಮಾಡುತ್ತೀರಿ, ಎಲ್ಲಿಗೆ ಬರಬೇಕು. ನನ್ನ ಹಳೆಯ ಉತ್ತರ ಅಳಿಸಿ ಹಾಕಿದ್ದು ಇದು:

‘ನಿಮ್ಮ ಸೋಫಾ ಹಾಳಾಗಿದ್ದಕ್ಕೆ ಬೇಜಾರಾಗಿದೆ, ನಿನ್ನೆ ನಾನು ಬರೆದ ಮಾತಿಗೂ ಕ್ಷಮೆ ಇರಲಿ. ಗಾಢ ನೀಲಿ ಜೀನ್ಸ್ ಮೊದಲ ಎರಡು ತೊಳೆತದವರೆಗೆ ಬಣ್ಣ ಬಿಡುತ್ತದೆ, ಬೇರೆಯಾಗಿ ಒಗೆಯಬೇಕೆಂದು ನಾವು ಹೇಳಬೇಕಿತ್ತು. ಪ್ಯಾಂಟು ತನ್ನಿ, ನಾವೇ ಮತ್ತೆ ತೊಳೆಸಿಕೊಡುತ್ತೇವೆ, ಬೇಡವಾದರೆ ಬದಲಿಸಿಕೊಡುತ್ತೇವೆ. ಬೆಳಿಗ್ಗೆ ಹತ್ತರಿಂದ ನಾನೇ ಕೌಂಟರಿನಲ್ಲಿ ಇರುತ್ತೇನೆ.’

ಗೂಗಲ್ ಪುಟದಲ್ಲಿ ಮಾಲೀಕರು ತಾವು ಕೊಟ್ಟ ಉತ್ತರವನ್ನು ತಿದ್ದಬಹುದು, ಗಿರಾಕಿ ಬರೆದದ್ದನ್ನು ಅಳಿಸಲು ಆಗುವುದಿಲ್ಲ. ಇನ್ನೊಂದು ಮಾತು, ನಮ್ಮ ಊರಿನದ್ದು. ಇಲ್ಲಿ ಜನ ಕನ್ನಡ, ತೆಲುಗು, ದಖನಿ ಮೂರರಲ್ಲೂ ಬರೆಯುತ್ತಾರೆ, ಎಷ್ಟೋ ಸಲ ಇಂಗ್ಲಿಷ್ ಅಕ್ಷರದಲ್ಲಿ. ಅವರು ಯಾವುದರಲ್ಲಿ ಬರೆದಿದ್ದಾರೋ ಅದರಲ್ಲೇ ಉತ್ತರಿಸಿ, ಬಾರದಿದ್ದರೆ ಬಲ್ಲವರ ಕೈಲಿ ಬರೆಸಿ. ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ. ಗಿರಾಕಿಯ ಫೋನ್ ನಂಬರು, ಬಿಲ್ಲಿನ ವಿವರ, ಬಾಕಿ ಲೆಕ್ಕವನ್ನು ಮಾತ್ರ ಎಲ್ಲರೆದುರು ಎಳೆಯಬೇಡಿ.

ಕೌಂಟರಿನ ಮುಂದೆ ಬಂದಾಗ

ಏಪ್ರಿಲ್, ಮೇ ತಿಂಗಳ ಬಳ್ಳಾರಿ ಬಿಸಿಲಲ್ಲಿ ಬಸ್ಸಿಳಿದು ನಡೆದು ಬಂದವರಿಗೆ ಮೊದಲು ಕುರ್ಚಿ, ತಣ್ಣನೆ ನೀರು. ಅವರು ಕುಡಿದು ಮುಗಿಸುವವರೆಗೆ ನೀವು ಬಾಯಿ ತೆರೆಯಬೇಡಿ. ಬೇರೆ ಗಿರಾಕಿಗಳಿಂದ ಸ್ವಲ್ಪ ಬದಿಗೆ ಕೂರಿಸಿ, ಪೂರ್ತಿ ಹೇಳಲು ಬಿಡಿ, ಕೇಳಿದ್ದನ್ನು ನಿಮ್ಮ ಬಾಯಲ್ಲಿ ಒಮ್ಮೆ ಹೇಳಿ: ‘ಎರಡನೇ ಸಲ ಒಗೆದಾಗಲೂ ಬಣ್ಣ ಹೋಯ್ತು, ಅಲ್ವಾ?’ ತಮ್ಮ ಮಾತು ತಲುಪಿದೆ ಎಂದು ಗೊತ್ತಾದರೆ ದನಿ ತಾನಾಗಿ ತಗ್ಗುತ್ತದೆ.

ಕಾನೂನೂ ಗೊತ್ತಿರಬೇಕು. ‘ಒಮ್ಮೆ ಮಾರಿದ ಮಾಲು ವಾಪಸ್ ಇಲ್ಲ’ ಎಂಬ ಬೋರ್ಡು ಇನ್ನೂ ಎಷ್ಟೋ ಅಂಗಡಿಗಳಲ್ಲಿ ತೂಗುತ್ತಿದೆ. ದೋಷವಿರುವ ಮಾಲಿನ ವಿಷಯದಲ್ಲಿ ಆ ಬೋರ್ಡು ನಿಮ್ಮನ್ನು ಕಾಯುವುದಿಲ್ಲ. 2020ರ ಜುಲೈ 20ರಿಂದ ಜಾರಿಯಲ್ಲಿರುವ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ, ದೋಷದ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆದಿರದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ಗಿರಾಕಿ 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು. ಸೈಜು ಸರಿಯಿಲ್ಲ, ಬಣ್ಣ ಮನೆಯವರಿಗೆ ಹಿಡಿಸಲಿಲ್ಲ ಎಂಬುದು ಬೇರೆ ಮಾತು. ಅದಕ್ಕೆ ನಿಮ್ಮ ನಿಯಮ ಏನೋ ಅದನ್ನು ಬಿಲ್ಲಿನ ಮೇಲೇ ಅಚ್ಚು ಹಾಕಿಸಿ.

ದೂರೇ ಸುಳ್ಳಾದರೆ

ಅಂಗಡಿಗೆ ಕಾಲೇ ಇಡದವರು ಒಂದು ಸ್ಟಾರ್ ಹಾಕುವುದುಂಟು, ಪಕ್ಕದ ಅಂಗಡಿಯವರು ಹಾಕಿಸುವುದೂ ಉಂಟು. ಆ ಬರಹದ ಪಕ್ಕದ ಮೂರು ಚುಕ್ಕಿ ಒತ್ತಿ ಗೂಗಲ್‌ಗೆ ವರದಿ ಮಾಡಿ. ನಮಗೆ ನೋವಾಯಿತು ಎಂಬ ಕಾರಣಕ್ಕೆ ಅವರು ತೆಗೆಯುವುದಿಲ್ಲ. ನಕಲಿ, ನಿಂದನೆ, ಸಂಬಂಧವಿಲ್ಲದ ವಿಷಯ, ಪೈಪೋಟಿಯವರ ಕೈವಾಡ ಇಂಥವುಗಳಿಗೆ ಮಾತ್ರ ದಾರಿಯಿದೆ. ಕೆಲವು ದಿನ ಹಿಡಿಯುತ್ತದೆ, ತಿರಸ್ಕರಿಸಿದರೆ ಮೇಲ್ಮನವಿ ಹಾಕಬಹುದು. ಅಷ್ಟರಲ್ಲಿ ಕೆಳಗೆ ಒಂದೇ ಸಾಲು ಬರೆದಿಡಿ: ‘ಈ ಖರೀದಿ ನಮ್ಮ ಲೆಕ್ಕದಲ್ಲಿ ಸಿಗುತ್ತಿಲ್ಲ, ಬಿಲ್ ಇದ್ದರೆ ದಯವಿಟ್ಟು ಅಂಗಡಿಗೆ ತನ್ನಿ.’

‘ಪುಕ್ಕಟೆ ಕೊಡು, ಇಲ್ಲಾಂದ್ರೆ ಇನ್‌ಸ್ಟಾಗ್ರಾಮಿನಲ್ಲಿ ಮಾನ ಕಳೀತೀನಿ’ ಎಂದು ಹಣವನ್ನೋ ಮಾಲನ್ನೋ ಕೀಳಲು ಬಂದವರ ದಾರಿ ಬೇರೆ. ಮೆಸೇಜು ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. ಬೆದರಿಸಿ ಸುಲಿಯುವುದು ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಮಿನಲ್ಲಿ ಅಪರಾಧ. ನೀವೂ ಎಚ್ಚರ ತಪ್ಪಬೇಡಿ. ನಕಲಿ ಫೋನ್‌ಪೇ ಸ್ಕ್ರೀನ್‌ಶಾಟ್ ತೋರಿಸಿ ಹೋದರು ಎಂದು ಸಿಸಿಟಿವಿ ತುಣುಕಿಗೆ ‘ಕಳ್ಳ’ ಎಂದು ಹೆಸರಿಟ್ಟು ರೀಲ್ಸ್ ಹಾಕುವ ಅಂಗಡಿಗಳನ್ನು ನೋಡಿದ್ದೇನೆ. ಗುರುತು ತಪ್ಪಿದರೆ ಮಾನನಷ್ಟದ ಕೇಸು ನಿಮ್ಮ ಮೇಲೆಯೇ. ಹಣ ಬಂದಿದೆಯೇ ಎಂದು ನಿಮ್ಮ ಆ್ಯಪಿನಲ್ಲಿ ನೋಡಿಯೇ ಮಾಲು ಕೊಡಿ, ಮೋಸ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಅಳಿಯ, ಷಡ್ಡಕ, ಓಣಿಯ ಹುಡುಗರ ಕೈಲಿ ಐದು ಸ್ಟಾರ್ ಹಾಕಿಸುವ ಆಸೆ ನನಗೂ ಆಗಿತ್ತು. ಬೇಡ. ಸುಳ್ಳು ಹೊಗಳಿಕೆ ಗೂಗಲ್ ನಿಯಮಕ್ಕೆ ವಿರುದ್ಧ, ಐದು ಸ್ಟಾರಿಗೆ ಡಿಸ್ಕೌಂಟ್ ಕೊಡುವುದೂ ವಿರುದ್ಧ. ಆನ್‌ಲೈನ್ ಮಾರುವವರಾದರೆ 2020ರ ಇ-ಕಾಮರ್ಸ್ ನಿಯಮಗಳೂ ಮಾರಾಟಗಾರ ಗಿರಾಕಿಯ ವೇಷದಲ್ಲಿ ವಿಮರ್ಶೆ ಬರೆಯುವುದನ್ನು ನಿಷೇಧಿಸಿವೆ.

ಕೆಲಸದ ಹುಡುಗಿಯರು

ಬೈಗುಳ ಮೊದಲು ಬೀಳುವುದು ಅವರ ಮೇಲೆ. ನಮ್ಮಲ್ಲಿ ನಿಯಮ ಇಷ್ಟೇ: ಗಿರಾಕಿ ಏಕವಚನಕ್ಕೆ ಇಳಿದ ಕ್ಷಣ ಅವರು ಹಿಂದೆ ಸರಿಯುತ್ತಾರೆ, ನಾನು ಮುಂದೆ ಬರುತ್ತೇನೆ. ಅವರ ಸ್ವಂತ ನಂಬರು ಯಾವ ಗಿರಾಕಿಗೂ ಹೋಗುವುದಿಲ್ಲ. ಅಂಗಡಿಯ ವಾಟ್ಸಾಪ್ ಬಿಸಿನೆಸ್ ರಾತ್ರಿ ಒಂಬತ್ತರ ಮೇಲೆ ‘ಬೆಳಿಗ್ಗೆ ಹತ್ತಕ್ಕೆ ಉತ್ತರಿಸುತ್ತೇವೆ’ ಎಂದು ತಾನೇ ಹೇಳುತ್ತದೆ. ಒಬ್ಬ ಗಿರಾಕಿ ಹೋದರೆ ಇನ್ನೊಬ್ಬರು ಬರುತ್ತಾರೆ, ನಾಲ್ಕು ವರ್ಷ ಕೈ ಪಳಗಿದ ಹುಡುಗಿ ಅತ್ತುಕೊಂಡು ಮನೆಗೆ ಹೋದರೆ ಮತ್ತೆ ಸಿಗುವುದಿಲ್ಲ.

ಸೋಫಾದ ಗಿರಾಕಿ ಆ ವಾರದ ಕೊನೆಗೆ ಪ್ಯಾಂಟನ್ನು ಕವರಿನಲ್ಲಿ ಸುತ್ತಿಕೊಂಡು ಬಂದರು. ತೊಳೆಸಿಕೊಟ್ಟೆವು. ಒಂದು ಸ್ಟಾರನ್ನು ಅವರು ತೆಗೆಯಲಿಲ್ಲ, ನಾನೂ ಕೇಳಲಿಲ್ಲ. ಅದು ಇನ್ನೂ ಅಲ್ಲೇ ಇದೆ, ಕೆಳಗೆ ನನ್ನ ನಾಲ್ಕು ವಾಕ್ಯ. ಹೋದ ತಿಂಗಳು ಆದೋನಿಯಿಂದ ಮಗನ ಜೊತೆ ಬಂದ ಒಬ್ಬ ತಾಯಿ ಗಾಢ ನೀಲಿ ಪ್ಯಾಂಟನ್ನು ಕೌಂಟರಿನ ಮೇಲೆ ಮಡಚಿಟ್ಟು ಕೇಳಿದರು, ‘ಇದನ್ನ ಎರಡು ಸಲ ಬೇರೆ ಒಗೀಬೇಕಂತಲ್ಲಾ?’ ಚೀಟಿಯನ್ನು ನಾನು ಇನ್ನೂ ಕೊಟ್ಟಿರಲಿಲ್ಲ.