ಯಾರ್ಕ್‌ನಲ್ಲಿ ಎರಡು ದಿನ: ಊಟದ ಹೊತ್ತು ಹಿಡಿದು ಊರು ನೋಡುವುದು ಹೇಗೆ?

ಇಂಗ್ಲೆಂಡಿನ ಯಾರ್ಕ್‌ನಲ್ಲಿ ಬೀದಿ ಫಲಕಗಳನ್ನು ಓದುತ್ತಾ ನಡೆದರೆ ಸಾಕು, ಆ ಊರು ಏನು ತಿಂದು ಬೆಳೆಯಿತು ಎಂಬುದು ತಿಳಿಯುತ್ತದೆ. ಸ್ವೈನ್‌ಗೇಟ್ ಎಂದರೆ ಹಂದಿಗಳ ಬೀದಿ. ಶ್ಯಾಂಬಲ್ಸ್ ಎಂದರೆ ಕಟುಕರು ಮಾಂಸ ಹರಡಿಡುತ್ತಿದ್ದ ಹಲಗೆಗಳ ಸಾಲು. ಸ್ಟೋನ್‌ಗೇಟ್‌ನಿಂದ ಒಳಕ್ಕೆ ನುಸುಳುವ ಕಿರಿದಾದ ಸಂದಿಯೊಂದರ ಹೆಸರು ಕಾಫಿ ಯಾರ್ಡ್, ಹಳೆಯ ಕಾಫಿ ಮನೆಗಳ ನೆನಪು. ಇಲ್ಲಿ ‘ಗೇಟ್’ ಎಂದರೆ ಬಾಗಿಲಲ್ಲ, ಬೀದಿ. 866ರಲ್ಲಿ ಊರನ್ನು ಹಿಡಿದ ವೈಕಿಂಗರ ಮಾತಿನಿಂದ ಉಳಿದುಕೊಂಡ ಪದ ಅದು. ಕೋಟೆ ಬಾಗಿಲಿಗೆ ಇಲ್ಲಿನವರು ‘ಬಾರ್’ ಎನ್ನುತ್ತಾರೆ.

ನಾನಿರುವ ಲೀಡ್ಸ್‌ನಿಂದ ಯಾರ್ಕ್‌ಗೆ ರೈಲಿನಲ್ಲಿ ಅರ್ಧ ಗಂಟೆಯೂ ಇಲ್ಲ. ಊರಿಂದ ಬಂದ ಬಂಧುಗಳನ್ನು, ಲಂಡನ್ನಿನ ಗೆಳತಿಯರನ್ನು ಅಲ್ಲಿಗೆ ಕರೆದೊಯ್ದ ಮೇಲೆ ಒಂದು ವಿಷಯ ಸ್ಪಷ್ಟವಾಗಿದೆ. ಮೊದಲು ನೋಡುವ ಜಾಗಗಳ ಪಟ್ಟಿ ಮಾಡಿ, ಊಟವನ್ನು ‘ಸಿಕ್ಕಲ್ಲಿ ಮಾಡೋಣ’ ಎಂದು ಬಿಟ್ಟವರು ಶನಿವಾರ ಮಧ್ಯಾಹ್ನ ಮೂರಕ್ಕೆ ಹಸಿದು, ಉದ್ದನೆಯ ಸಾಲಿನಲ್ಲಿ ನಿಂತಿರುತ್ತಾರೆ. ಅಷ್ಟು ಹೊತ್ತಿಗೆ ಎಷ್ಟೋ ಪಬ್‌ಗಳ ಅಡುಗೆಮನೆ ಸಂಜೆಯವರೆಗೆ ಮುಚ್ಚಿರುತ್ತದೆ. ಅದನ್ನು ತಿರುವಿ ಹಾಕಿ: ಊಟ, ತಿಂಡಿಯ ಹೊತ್ತನ್ನು ಮೊದಲು ಗೊತ್ತು ಮಾಡಿಕೊಳ್ಳಿ, ಉಳಿದದ್ದನ್ನು ನಡುವೆ ತುಂಬಿ. ಹಳೆಯ ಊರು ಚಿಕ್ಕದು, ಆ ತುದಿಯಿಂದ ಈ ತುದಿಗೆ ಕಾಲು ಗಂಟೆ, ಇಪ್ಪತ್ತು ನಿಮಿಷದ ನಡಿಗೆ. ಹಾಗಾಗಿ ನೋಡಬೇಕಾದ್ದು ಯಾವುದೂ ತಪ್ಪಿಹೋಗುವುದಿಲ್ಲ.

ಮೊದಲು ದಿನ ಆರಿಸಿ

ಯಾವ ವಾರಾಂತ್ಯ ಎಂಬುದರ ಮೇಲೆ ತಟ್ಟೆಗೆ ಏನು ಬರುತ್ತದೆ ಎಂಬುದು ನಿಂತಿದೆ. ಜನವರಿಯಿಂದ ಮಾರ್ಚ್‌ವರೆಗೆ ಹೋದರೆ ರೂಬಾರ್ಬ್ ಎಂಬ ಗುಲಾಬಿ ಬಣ್ಣದ ಎಳೆ ಹುಳಿದಂಟು ಸಿಗುತ್ತದೆ. ಲೀಡ್ಸ್, ವೇಕ್‌ಫೀಲ್ಡ್ ಸುತ್ತಿನ ರೈತರು ಹೊಲದಲ್ಲಿ ಬಲಿತ ಬೇರುಗಳನ್ನು ಚಳಿಗಾಲದಲ್ಲಿ ಕಿಟಕಿಯಿಲ್ಲದ ಶೆಡ್ಡಿಗೆ ತಂದು, ಕತ್ತಲಲ್ಲೇ ಬೆಳೆಸಿ, ಮೇಣದಬತ್ತಿಯ ಬೆಳಕಿನಲ್ಲಿ ಕೀಳುತ್ತಾರೆ. ಬೆಳಕು ಬಿದ್ದರೆ ದಂಟು ಹಸಿರಾಗಿ ಗಡುಸಾಗುತ್ತದೆ. ಪುಂಡಿಪಲ್ಯದ ಹುಳಿ ಬಲ್ಲ ನಮಗೆ ಇದರ ಹುಳಿ ಹೊಸದೇನಲ್ಲ. ಸಕ್ಕರೆಯಲ್ಲಿ ಬೇಯಿಸಿ, ಮೇಲೆ ಬೆಣ್ಣೆ-ಹಿಟ್ಟಿನ ಪುಡಿ ಉದುರಿಸಿ ಬೇಕ್ ಮಾಡಿ, ಬಿಸಿ ಕಸ್ಟರ್ಡ್ ಸುರಿದುಕೊಟ್ಟಾಗ ಹೊರಗಿನ ಚಳಿ ಮರೆತುಹೋಗುತ್ತದೆ. ಸೆಪ್ಟೆಂಬರ್‌ನಲ್ಲಿ ಊರಿನ ಆಹಾರ ಹಬ್ಬ. ನವೆಂಬರ್ ಮೊದಲ ವಾರ ಪಾರ್ಕಿನ್ ಕೇಕಿನ ಕಾಲ, ಅದರ ವಿಷಯ ಕೊನೆಯಲ್ಲಿ ಹೇಳುತ್ತೇನೆ.

ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಇನ್ನೊಂದನ್ನು ನೋಡಿಕೊಳ್ಳಬೇಕು: ಊರಂಚಿನ ಮೈದಾನದಲ್ಲಿ ಕುದುರೆ ರೇಸ್ ನಡೆಯುವ ದಿನಗಳು. ರೇಸ್ ಇರುವ ಶನಿವಾರ ಕೋಣೆ ಬಾಡಿಗೆ ಏರುತ್ತದೆ, ಪಬ್‌ಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ರೇಸ್‌ಗೆಂದೇ ಹೋಗದಿದ್ದರೆ ಆ ದಿನ ಬಿಟ್ಟುಬಿಡಿ.

ರೈಲು, ಕೋಣೆ

ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ನೇರ ರೈಲಿನಲ್ಲಿ ಸುಮಾರು ಎರಡು ಗಂಟೆ. ಟಿಕೆಟ್ಟನ್ನು ವಾರಗಟ್ಟಲೆ ಮುಂಚೆ ತೆಗೆದರೆ ಬೆಲೆಯಲ್ಲಿ ಬಹಳ ವ್ಯತ್ಯಾಸ. ಇಬ್ಬರೇ ಹೋಗುವುದಾದರೆ ‘ಟೂ ಟುಗೆದರ್’ ರೈಲ್‌ಕಾರ್ಡ್ ಮಾಡಿಸಿ, ಟಿಕೆಟ್ ಬೆಲೆಯಲ್ಲಿ ಮೂರನೇ ಒಂದು ಪಾಲು ಕಡಿಮೆಯಾಗುತ್ತದೆ. ಭಾನುವಾರ ಹಳಿ ರಿಪೇರಿಗೆಂದು ರೈಲು ರದ್ದಾಗುವುದುಂಟು, ಹಿಂದಿರುಗುವ ಹೊತ್ತನ್ನು ಇನ್ನೊಮ್ಮೆ ನೋಡಿಕೊಳ್ಳಿ. ಕೋಣೆ ಹಳೆಯ ಊರಿನ ಕೋಟೆ ಗೋಡೆಯ ಒಳಗಿರಲಿ, ಇಲ್ಲವೇ ನಿಲ್ದಾಣದ ಹತ್ತಿರವಿರಲಿ. ಕಾರು ಬೇಡವೇ ಬೇಡ.

ಎರಡೇ ಊಟ ಕಾಯ್ದಿರಿಸಿ

ಶನಿವಾರ ರಾತ್ರಿಯದು ಒಂದು, ಭಾನುವಾರ ಮಧ್ಯಾಹ್ನದ ರೋಸ್ಟ್ ಇನ್ನೊಂದು. ಈ ಎರಡಕ್ಕೆ ಎರಡು ಮೂರು ವಾರ ಮೊದಲೇ ಟೇಬಲ್ ಹೇಳಿಡಿ. ಮಿಕ್ಕಿದ್ದನ್ನು ಸಡಿಲ ಬಿಡಿ. ಎಲ್ಲ ಹೊತ್ತಿಗೂ ಬುಕ್ ಮಾಡಿಕೊಂಡರೆ ಮಾರುಕಟ್ಟೆಯಲ್ಲಿ ಕಣ್ಣಿಗೆ ಬಿದ್ದ ಹೊಸ ತಿಂಡಿಗೆ ಹೊಟ್ಟೆಯಲ್ಲಿ ಜಾಗವೇ ಉಳಿಯುವುದಿಲ್ಲ.

ಮಾತಿನ ಒಂದು ತೊಡಕಿದೆ. ಯಾರ್ಕ್ ಇರುವ ಸೀಮೆ ಯಾರ್ಕ್‌ಷೈರಿನಲ್ಲಿ ಹಳಬರು ಮಧ್ಯಾಹ್ನದ ಊಟಕ್ಕೆ ‘ಡಿನ್ನರ್’ ಎನ್ನುತ್ತಾರೆ, ಸಂಜೆಯ ಊಟಕ್ಕೆ ‘ಟೀ’. ಯಾರಾದರೂ ಟೀಗೆ ಬನ್ನಿ ಎಂದರೆ ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗಿ.

ಸಸ್ಯಾಹಾರಿಗಳು ಕೇಳಲೇಬೇಕಾದ ಪ್ರಶ್ನೆ

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಾವು ಇಲ್ಲಿ ಎಡವಿದ್ದೇವೆ. ಅಮ್ಮ ಮೈಸೂರಿನಿಂದ ಬಂದಿದ್ದ ವರ್ಷ, ಯಾರ್ಕ್‌ನ ಒಂದು ಅಂಗಡಿಯಲ್ಲಿ ಬಿಸಿಬಿಸಿ ಚಿಪ್ಸ್ ಕೊಡಿಸಿದೆ. ಆಲೂಗಡ್ಡೆ ತಾನೇ, ಇನ್ನೇನಿರುತ್ತದೆ ಎಂಬ ಧೈರ್ಯ. ನಾಲ್ಕು ತುಂಡು ತಿಂದು ಅಮ್ಮ, “ಏನೋ ಬೇರೆ ವಾಸನೆ ಕಣೇ, ಕೇಳಿ ನೋಡು” ಎಂದರು. ಕೇಳಿದೆ. ದನದ ಕೊಬ್ಬಿನಲ್ಲಿ ಕರಿದದ್ದು. ಅಮ್ಮ ಪೊಟ್ಟಣ ಮಡಚಿ ಬೆಂಚಿನ ಮೇಲಿಟ್ಟರು, ನನ್ನನ್ನು ಬಯ್ಯಲಿಲ್ಲ. ಆ ದಿನವೆಲ್ಲ ನೀರು, ಬಾಳೆಹಣ್ಣು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಅವರ ಆ ಮೌನ ನನಗೆ ಈಗಲೂ ಚುಚ್ಚುತ್ತದೆ. ಅಂಗಡಿಯವರ ತಪ್ಪಲ್ಲ. ಯಾರ್ಕ್‌ಷೈರಿನಲ್ಲಿ ಮೀನು, ಚಿಪ್ಸ್ ಎರಡನ್ನೂ ದನದ ಕೊಬ್ಬಿನಲ್ಲಿ ಕರಿಯುವುದು ಹಳೆಯ ವಾಡಿಕೆ, ರುಚಿ ಅದರಿಂದಲೇ ಎಂಬುದು ಅವರ ಹೆಮ್ಮೆ. ಅದಕ್ಕೆ ‘ಡ್ರಿಪ್ಪಿಂಗ್’ ಎನ್ನುತ್ತಾರೆ. ಕೇಳಬೇಕಾದದ್ದು ನಾವು: “ಯಾವುದರಲ್ಲಿ ಕರಿದಿರಿ?” ಎಣ್ಣೆಯಲ್ಲಿ ಕರಿಯುವ ಅಂಗಡಿಗಳೂ ಇವೆ.

ಇದೇ ಪ್ರಶ್ನೆ ಯಾರ್ಕ್‌ಷೈರ್ ಪುಡ್ಡಿಂಗ್‌ಗೂ ಬೇಕು. ಹೆಸರು ಕೇಳಿ ಸಿಹಿ ಎಂದುಕೊಳ್ಳಬೇಡಿ. ಮೈದಾ, ಮೊಟ್ಟೆ, ಹಾಲು ಕಲಸಿದ ನೀರು ಹಿಟ್ಟನ್ನು ಸುಡುವ ಕೊಬ್ಬಿನ ಮೇಲೆ ಸುರಿದು ಒಲೆಯೊಳಗಿಟ್ಟರೆ ಬಟ್ಟಲಿನಂತೆ ಉಬ್ಬುತ್ತದೆ. ಕೊಬ್ಬಿನ ಬದಲು ಎಣ್ಣೆ ಹಾಕಿಯೂ ಮಾಡುತ್ತಾರೆ. ಮೆನುವಿನಲ್ಲಿ ‘ವಿ’ ಎಂಬ ಗುರುತಿದ್ದರೆ ಮಾಂಸ, ಮೀನು ಇಲ್ಲ ಎಂದಷ್ಟೇ ಅರ್ಥ, ಮೊಟ್ಟೆ ಇರಬಹುದು. ನಮ್ಮ ಹಸಿರು ಚುಕ್ಕೆಯ ಲೆಕ್ಕ ಇಲ್ಲಿ ನಡೆಯದು. ಮೊಟ್ಟೆ ಬೇಡದವರು ‘ವೀಗನ್’ ಎಂದಿರುವುದನ್ನು ಹುಡುಕಿ, ಇಲ್ಲವೇ ಬಾಯಿಬಿಟ್ಟು ಕೇಳಿ. ಮೊಟ್ಟೆ ಅತಿ ಮುಖ್ಯ ಅಲರ್ಜಿ ಪದಾರ್ಥಗಳಲ್ಲೊಂದು. ಅಂಥ 14 ಪದಾರ್ಥಗಳಲ್ಲಿ ಯಾವುದು ಇದೆ ಎಂದು ಕೇಳಿದವರಿಗೆ ಹೇಳುವುದು ಅಲ್ಲಿನ ಕಾನೂನು, ಆದ್ದರಿಂದ ಸಂಕೋಚ ಬೇಡ. ಚೀಸ್ ಕೊಳ್ಳುವಾಗ ಹಾಲು ಒಡೆಯಲು ಹಾಕಿದ ರೆನ್ನೆಟ್ ಸಸ್ಯಾಹಾರಿಗಳಿಗೆ ಸಲ್ಲುವುದೋ, ಕರುವಿನ ಹೊಟ್ಟೆಯದೋ ಎಂದು ವಿಚಾರಿಸಿ.

ಶನಿವಾರ

ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಸೇಂಟ್ ಹೆಲೆನ್ಸ್ ಸ್ಕ್ವೇರ್‌ನ ಬೆಟ್ಟೀಸ್ ಎಂಬ ಚಹಾ ಮನೆಗೆ ಹೋಗಿ. ಹನ್ನೊಂದರ ಮೇಲೆ ಸಾಲು ಬೀದಿಗೆ ಬರುತ್ತದೆ. ಸ್ವಿಟ್ಜರ್ಲೆಂಡಿನಿಂದ ಬಂದ ಫ್ರೆಡರಿಕ್ ಬೆಲ್ಮಾಂಟ್ 1919ರಲ್ಲಿ ಹ್ಯಾರೊಗೇಟ್‌ನಲ್ಲಿ ಮೊದಲ ಅಂಗಡಿ ತೆರೆದವರು. 1936ರಲ್ಲಿ ಕ್ವೀನ್ ಮೇರಿ ಹಡಗಿನ ಮೊದಲ ಯಾನದಲ್ಲಿ ಪ್ರಯಾಣ ಮಾಡಿ, ಅದರ ಒಳಾಂಗಣಕ್ಕೆ ಮಾರುಹೋಗಿ, ಅಂಥದ್ದೇ ಬೇಕೆಂದು ಯಾರ್ಕ್‌ನ ಈ ಮನೆಯನ್ನು ಕಟ್ಟಿಸಿದರು. ‘ಫ್ಯಾಟ್ ರಾಸ್ಕಲ್’ ತೆಗೆದುಕೊಳ್ಳಿ. ಒಣಹಣ್ಣು ತುಂಬಿದ ದಪ್ಪ ಬನ್ನು, ಮೇಲೆ ಚೆರಿ, ಬಾದಾಮಿ ಒತ್ತಿ ಮುಖ ಮಾಡಿರುತ್ತಾರೆ. ಒಂದನ್ನು ಇಬ್ಬರು ಹಂಚಿಕೊಳ್ಳಬಹುದು. ಎದ್ದು ಹೊರಡುವ ಮುನ್ನ ಕೆಳ ಅಂತಸ್ತಿಗೆ ಇಳಿದು ಬನ್ನಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಸುತ್ತಲಿನ ವಿಮಾನ ನೆಲೆಗಳ ಹುಡುಗರು ಇಲ್ಲಿ ಕುಡಿಯಲು ಬರುತ್ತಿದ್ದರು. ಅವರು ವಜ್ರದ ಮೊನೆಯಿಂದ ಹೆಸರು ಕೆತ್ತಿದ ಕನ್ನಡಿ ಅಲ್ಲಿದೆ. ಆ ಹೆಸರುಗಳಲ್ಲಿ ಎಷ್ಟೋ ಮಂದಿ ಮರಳಿ ಬರಲಿಲ್ಲ.

ಅಲ್ಲಿಂದ ಶ್ಯಾಂಬಲ್ಸ್ ಐದು ನಿಮಿಷ. ತಲೆ ಎತ್ತಿ ನೋಡುತ್ತಾ ನಡೆಯಿರಿ. ಎರಡೂ ಕಡೆಯ ಮನೆಗಳ ಮೇಲಂತಸ್ತು ಮುಂದಕ್ಕೆ ಬಾಗಿ ಒಂದನ್ನೊಂದು ಮುಟ್ಟುವಷ್ಟು ಹತ್ತಿರವಾಗುತ್ತದೆ. ಮಾಂಸದ ಮೇಲೆ ಬಿಸಿಲು ಬೀಳದಿರಲೆಂದು ಕಟುಕರಿಗೆ ಈ ನೆರಳು ಬೇಕಿತ್ತು. ಈಗ ಕಟುಕರಿಲ್ಲ, ಮಾಂಸ ತೂಗುಹಾಕುತ್ತಿದ್ದ ಕೊಕ್ಕೆಗಳು, ಕಿಟಕಿಯ ಕೆಳಗಿನ ಅಗಲ ಹಲಗೆಗಳು ಮಾತ್ರ ಅಲ್ಲಲ್ಲಿ ಉಳಿದಿವೆ. ಹಿಂದೆಯೇ ಇರುವ ಶ್ಯಾಂಬಲ್ಸ್ ಮಾರುಕಟ್ಟೆಯಲ್ಲಿ ಮಧ್ಯಾಹ್ನದ ಊಟ ಮುಗಿಸಿ. ನಾಲ್ಕು ಮಳಿಗೆ ನೋಡಿ, ಒಬ್ಬೊಬ್ಬರು ಒಂದೊಂದು ಕೊಂಡು, ಒಟ್ಟಿಗೆ ಕುಳಿತು ಹಂಚಿಕೊಳ್ಳುವುದು ಒಳ್ಳೆಯದು.

ಮಧ್ಯಾಹ್ನದ ಮೇಲೆ ಚಾಕೊಲೇಟ್. ಯಾರ್ಕ್‌ನ ಊಟದ ಕತೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು. 1725ರಲ್ಲಿ ಮೇರಿ ಟ್ಯೂಕ್ ಎಂಬ, ಕ್ವೇಕರ್ ಎಂಬ ಕ್ರೈಸ್ತ ಪಂಥದ ಹೆಣ್ಣುಮಗಳು ಇಲ್ಲಿ ಕಿರಾಣಿ ಅಂಗಡಿ ತೆರೆದಳು. ಊರಿನ ವರ್ತಕರ ಸಂಘದ ಅನುಮತಿ ಇಲ್ಲದೆ ಯಾರೂ ವ್ಯಾಪಾರ ಮಾಡುವಂತಿರಲಿಲ್ಲ. ಸಂಘ ದಂಡ ಹಾಕಿತು, ಬೆದರಿಸಿತು. ಆಕೆ ಅಂಗಡಿ ಮುಚ್ಚಲಿಲ್ಲ. ವರ್ಷಗಳ ಜಗ್ಗಾಟದ ನಂತರ ಸಂಘವೇ ಮಣಿಯಿತು. ಆ ಮನೆತನದ ಕೋಕೋ ವ್ಯಾಪಾರವನ್ನು 1862ರಲ್ಲಿ ಹೆನ್ರಿ ಐಸಾಕ್ ರೌಂಟ್ರಿ ಕೊಂಡರು, 1869ರಲ್ಲಿ ಅಣ್ಣ ಜೋಸೆಫ್ ಜೊತೆಗೂಡಿದರು. ಇವರೂ ಕ್ವೇಕರ್‌ಗಳೇ. ಪ್ರಮಾಣ ಮಾಡಲೊಪ್ಪದ ಈ ಜನಕ್ಕೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗಳ ಬಾಗಿಲು ಬಹುಕಾಲ ಮುಚ್ಚಿತ್ತು, ಹಾಗಾಗಿ ವ್ಯಾಪಾರಕ್ಕಿಳಿದರು. ಹೆಂಡದ ಬದಲು ಜನ ಕೋಕೋ ಕುಡಿಯಲಿ ಎಂಬ ಆಸೆಯೂ ಇತ್ತು. ಮುಂದೆ 1935ರಲ್ಲಿ ರೌಂಟ್ರಿ ಕಾರ್ಖಾನೆಯಿಂದ ಹೊರಬಂದ ‘ಚಾಕೊಲೇಟ್ ಕ್ರಿಸ್ಪ್’ ಎರಡು ವರ್ಷಗಳಲ್ಲಿ ಕಿಟ್‌ಕ್ಯಾಟ್ ಎಂಬ ಹೆಸರು ಪಡೆಯಿತು. ನಮ್ಮ ಬಸ್ ನಿಲ್ದಾಣದ ಗೂಡಂಗಡಿಯಲ್ಲೂ ಸಿಗುವ ಅದೇ ಕಿಟ್‌ಕ್ಯಾಟ್. ಊರಿನ ಇನ್ನೊಂದು ಮನೆತನ ಟೆರ್ರಿಯವರದು. ಕಿತ್ತಳೆ ಹಣ್ಣಿನಂತೆ ತೊಳೆತೊಳೆಯಾಗಿ ಬಿಡಿಸಿಕೊಳ್ಳುವ ಅವರ ಚಾಕೊಲೇಟ್ 1932ರದು, ಯಾರ್ಕ್‌ನ ಕಾರ್ಖಾನೆ ಮಾತ್ರ 2005ರಲ್ಲಿ ಮುಚ್ಚಿತು.

ಕಿಂಗ್ಸ್ ಸ್ಕ್ವೇರ್‌ನಲ್ಲಿರುವ ‘ಯಾರ್ಕ್ಸ್ ಚಾಕೊಲೇಟ್ ಸ್ಟೋರಿ’ಯಲ್ಲಿ ಈ ಕತೆಯನ್ನು ರುಚಿ ನೋಡುತ್ತಾ ಕೇಳಬಹುದು, ಟಿಕೆಟ್ ಮುಂಚೆ ತೆಗೆಯಿರಿ. ಪುತ್ತೂರಿನ ಕ್ಯಾಂಪ್ಕೊ ಕಾರ್ಖಾನೆ, ಅಡಿಕೆ ತೋಟದ ನಡುವಿನ ಕೋಕೋ ಗಿಡ ಕಂಡ ದಕ್ಷಿಣ ಕನ್ನಡದವರು ಮಕ್ಕಳನ್ನು ತಪ್ಪದೆ ಕರೆದೊಯ್ಯಿರಿ. ಮರದ ಮೇಲಿನ ಕಾಯಿ ಹೀಗೆ ಹೊದಿಕೆ ಕಾಗದದೊಳಗಿನ ಸಿಹಿಯಾಗುವುದನ್ನು ಅವರು ಪಟ್ಟನೆ ಹಿಡಿಯುತ್ತಾರೆ.

ಸಂಜೆ ಬೂಥಮ್ ಬಾರ್‌ನಿಂದ ಮಂಕ್ ಬಾರ್‌ವರೆಗೆ ಕೋಟೆ ಗೋಡೆಯ ಮೇಲೆ ನಡೆಯಿರಿ, ದುಡ್ಡು ಕೊಡಬೇಕಿಲ್ಲ. ಗೋಡೆ ಒಟ್ಟು 3.4 ಕಿಲೋಮೀಟರ್ ಇದೆ, ಆದರೆ ಮಿನ್‌ಸ್ಟರ್ ಚರ್ಚು ಅತ್ಯಂತ ಚೆನ್ನಾಗಿ ಕಾಣುವುದು ಈ ತುಂಡಿನಿಂದ. ಕತ್ತಲಾದರೆ ಮೆಟ್ಟಿಲ ಗೇಟು ಹಾಕುತ್ತಾರೆ. ಡಿಸೆಂಬರ್‌ನಲ್ಲಿ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುವುದರಿಂದ ಚಳಿಗಾಲದಲ್ಲಿ ಇದನ್ನು ಬೆಳಗ್ಗೆಗೆ ಇಟ್ಟುಕೊಳ್ಳಿ.

ರಾತ್ರಿಯ ಊಟಕ್ಕೆ ಫಾಸ್‌ಗೇಟ್ ಬೀದಿ ನನ್ನ ಆಯ್ಕೆ. ಚಿಕ್ಕ ಬೀದಿ, ಪಕ್ಕಪಕ್ಕದಲ್ಲೇ ಬಗೆಬಗೆಯ ಊಟದ ಮನೆಗಳು. ಅದೇ ಬೀದಿಯಲ್ಲಿ, 1357ರಲ್ಲಿ ಕಟ್ಟತೊಡಗಿದ ಮರದ ತೊಲೆಗಳ ದೊಡ್ಡ ಛಾವಡಿಯೊಂದಿದೆ. ಮೇರಿ ಟ್ಯೂಕ್‌ಳನ್ನು ಕಾಡಿದ ವರ್ತಕರ ಸಂಘದ ಮನೆ ಅದು. ಊಟಕ್ಕೆ ಮೊದಲು ಅದರ ಬಾಗಿಲ ಮುಂದೆ ಒಂದು ನಿಮಿಷ ನಿಲ್ಲಿ.

ಭಾನುವಾರ

ಬೆಳಗ್ಗೆ ಹಗುರವಾಗಿರಲಿ, ಮಧ್ಯಾಹ್ನದ್ದು ದೊಡ್ಡ ಊಟ. ದೊಡ್ಡ ಅಂಗಡಿಗಳಿಗೆ ಭಾನುವಾರ ಆರೇ ಗಂಟೆ ವ್ಯಾಪಾರ, ಆದ್ದರಿಂದ ಕೊಳ್ಳುವುದನ್ನು ಊಟಕ್ಕೆ ಮುಂಚೆಯೇ ಮುಗಿಸಿ.

ರೋಸ್ಟ್ ಎಂದರೆ ಒಲೆಯಲ್ಲಿ ಬೇಯಿಸಿದ ಮಾಂಸ, ಆಲೂಗಡ್ಡೆ, ತರಕಾರಿ, ಅದರ ಮೇಲೆ ಗ್ರೇವಿ. ಜೊತೆಗೆ ಆ ಪುಡ್ಡಿಂಗ್. ಹಿಂದೆ ಬಡವರ ಮನೆಗಳಲ್ಲಿ ಪುಡ್ಡಿಂಗ್‌ಗೆ ಗ್ರೇವಿ ಸುರಿದು ಮೊದಲೇ ಬಡಿಸುತ್ತಿದ್ದರು. ಹಿಟ್ಟಿನಿಂದ ಹೊಟ್ಟೆ ಅರ್ಧ ತುಂಬಿದರೆ ದುಬಾರಿ ಮಾಂಸ ಎಲ್ಲರಿಗೂ ಸಾಲುತ್ತಿತ್ತು. ಸಸ್ಯಾಹಾರಿಗಳಿಗೆ ಬೀಜ, ಕಾಳು ಅರೆದು ಮಾಡಿದ ‘ನಟ್ ರೋಸ್ಟ್’ ಇರುತ್ತದೆ. ಆಲೂಗಡ್ಡೆ, ಗ್ರೇವಿ, ಪುಡ್ಡಿಂಗ್ ಮೂರರ ಬಗ್ಗೆಯೂ ಟೇಬಲ್ ಕಾಯ್ದಿರಿಸುವಾಗಲೇ ಕೇಳಿ, ಆಗ ಅಡುಗೆಯವರಿಗೆ ಬೇರೆ ಮಾಡಲು ಸಮಯ ಸಿಗುತ್ತದೆ.

ಊಟದ ಮೇಲೆ ಕೂಡಲೇ ಓಡಬೇಡಿ. ಮಿನ್‌ಸ್ಟರ್ ನೋಡಲು ಟಿಕೆಟ್ ಇದೆ, ಆದರೆ ಸಂಜೆಯ ‘ಈವನ್‌ಸಾಂಗ್’ ಪ್ರಾರ್ಥನೆಗೆ ಕೂರಲು ದುಡ್ಡಿಲ್ಲ. ಹೊತ್ತು ನೋಡಿಕೊಂಡು ಹೋದರೆ ಆ ಕಲ್ಲಿನ ಕಮಾನುಗಳಡಿ ಗಾಯಕವೃಂದದ ದನಿ ಏರುವುದನ್ನು ಕೇಳುತ್ತಾ ಅರ್ಧ, ಮುಕ್ಕಾಲು ಗಂಟೆ ಕುಳಿತಿರಬಹುದು.

ಚೀಲಕ್ಕೆ ಏನು ಹಾಕಿಕೊಳ್ಳಬೇಕು?

ವೆನ್ಸ್‌ಲಿಡೇಲ್ ಚೀಸ್ ಒಂದು ತುಂಡು. ಪುಡಿಪುಡಿಯಾಗುವ, ಸ್ವಲ್ಪ ಹುಳಿ ಇರುವ ಈ ಚೀಸನ್ನು ಇಲ್ಲಿನವರು ಹಣ್ಣಿನ ಕೇಕಿನ ಜೊತೆ ತಿನ್ನುತ್ತಾರೆ. ನಂಬಲಾಗದಿದ್ದರೂ ಮಾಡಿ ನೋಡಿ. ಬೇಕರಿಯಲ್ಲಿ ‘ಕರ್ಡ್ ಟಾರ್ಟ್’ ಕಂಡರೆ ಅಲ್ಲೇ ತಿನ್ನಿ, ಪ್ರಯಾಣಕ್ಕೆ ಅದು ತಡೆಯುವುದಿಲ್ಲ. ಇಲ್ಲಿ ಕರ್ಡ್ ಎಂದರೆ ಮೊಸರಲ್ಲ, ಒಡೆದ ಹಾಲಿನ ಗಟ್ಟಿ. ಒಣದ್ರಾಕ್ಷಿ, ಜಾಯಿಕಾಯಿ ಬೆರೆತ ಆ ತಿರುಳು ನನಗೆ ಗಿಣ್ಣು ನೆನಪಿಸುತ್ತದೆ.

ಕೊನೆಗೆ ಪಾರ್ಕಿನ್. ಓಟ್ಸ್ ತರಿ, ಶುಂಠಿ, ನಮ್ಮ ಜೋನಿಬೆಲ್ಲದಂತೆ ಸುರಿಯುವ, ಅದಕ್ಕಿಂತ ಕಹಿಯಾದ ಕಪ್ಪು ಟ್ರೀಕಲ್, ಇಷ್ಟು ಸೇರಿದ ಕೇಕು. ನವೆಂಬರ್ 5ರ ಬೆಂಕಿ ಹಬ್ಬದ ರಾತ್ರಿ ಯಾರ್ಕ್‌ಷೈರಿನಲ್ಲಿ ಇದನ್ನೇ ತಿನ್ನುತ್ತಾರೆ. ಆ ಹಬ್ಬಕ್ಕೆ ಕಾರಣನಾದ, 1605ರಲ್ಲಿ ಪಾರ್ಲಿಮೆಂಟ್ ಸ್ಫೋಟಿಸಲು ಹೋಗಿ ಸಿಕ್ಕಿಬಿದ್ದ ಗೈ ಫಾಕ್ಸ್ ಹುಟ್ಟಿದ್ದು ಇದೇ ಊರಿನಲ್ಲಿ, 1570ರಲ್ಲಿ. ಪಾರ್ಕಿನ್ ಕೊಂಡ ದಿನವೇ ಕತ್ತರಿಸಬೇಡಿ, ಗಟ್ಟಿಯಾಗಿರುತ್ತದೆ. ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ ನಾಲ್ಕೈದು ದಿನ ಇಟ್ಟರೆ ಮೆತ್ತಗಾಗಿ ಅಂಟಂಟಾಗುತ್ತದೆ. ಭಾನುವಾರ ಕೊಂಡದ್ದು ಶುಕ್ರವಾರ ಸಂಜೆಯ ಕಾಫಿಗೆ ಹದವಾಗಿರುತ್ತದೆ.