ಫ್ಯಾಕಲ್ಟಿ ಅಂದರೆ ಮೇಷ್ಟ್ರೋ, ನಿಕಾಯವೋ, ಬುದ್ಧಿಯೋ?

ಕಾಲೇಜು ಕೈಪಿಡಿ, ಆಸ್ಪತ್ರೆಯ ವರದಿ, ಉಯಿಲು ಇವನ್ನೆಲ್ಲ ಕನ್ನಡಕ್ಕೆ ತರುವಾಗ ‘ಫ್ಯಾಕಲ್ಟಿ’ ಎದುರಾದರೆ ನಾನು ನಿಘಂಟಿಗೆ ಕೈ ಹಾಕುವ ಮುಂಚೆ ವಾಕ್ಯದ ಕ್ರಿಯಾಪದ ನೋಡುತ್ತೇನೆ. ಸಭೆ ಸೇರಿದೆ, ಮತ ಹಾಕಿದೆ, ಸಂಬಳ ಕೇಳಿದೆ ಅಂದರೆ ಅದು ಜನ. ಅದಕ್ಕೊಬ್ಬ ಡೀನ್ ಇದ್ದು, ಕೆಳಗೆ ವಿಭಾಗಗಳಿದ್ದರೆ ವಿಶ್ವವಿದ್ಯಾಲಯದ ಘಟಕ. ಕುಂದಿದೆ, ಮರಳಿದೆ, ಚುರುಕಾಗಿದೆ ಅಂದರೆ ಮನುಷ್ಯನ ಶಕ್ತಿ. ಮೂರಕ್ಕೂ ಒಪ್ಪುವ ಒಂದೇ ಕನ್ನಡ ಪದವಿಲ್ಲ, ಹುಡುಕುವುದೂ ದಂಡ.

ಪದದ ಬೇರು ಲ್ಯಾಟಿನ್ನಿನ ‘ಫಕುಲ್ತಾಸ್’. ಅದರ ಹಿಂದೆ ‘ಸುಲಭ’ ಎನ್ನುವ ‘ಫಕಿಲಿಸ್’, ಇನ್ನೂ ಹಿಂದೆ ‘ಮಾಡು’ ಎನ್ನುವ ಧಾತು. ಮೊದಲಿದ್ದದ್ದು ಮಾಡಬಲ್ಲ ಶಕ್ತಿ ಎಂಬ ಅರ್ಥ. ಅದು ಒಂದು ವಿದ್ಯೆಯ ಶಾಖೆಗೆ ಹಬ್ಬಿತು, ಆಮೇಲೆ ಅದನ್ನು ಕಲಿಸುವವರಿಗೂ ಅಂಟಿತು. ಮಧ್ಯಯುಗದ ಪ್ಯಾರಿಸ್ ವಿಶ್ವವಿದ್ಯಾಲಯದಲ್ಲಿ ಇಂಥ ಶಾಖೆಗಳು ನಾಲ್ಕು: ಕಲೆ, ದೇವತಾಶಾಸ್ತ್ರ, ಕಾನೂನು, ವೈದ್ಯ. ‘ಫೆಸಿಲಿಟಿ’ ಕೂಡ ಇದೇ ಬಳ್ಳಿಯ ಕಾಯಿ. ಹಾಗಾಗಿ ಕೈಪಿಡಿಯಲ್ಲಿ ‘ಸುಸಜ್ಜಿತ ಫ್ಯಾಕಲ್ಟಿ’ ಎಂಬಂಥದ್ದು ಕಂಡರೆ ಕಳಿಸಿದವರನ್ನೇ ಕೇಳಿಬಿಡುತ್ತೇನೆ. ಬಹುತೇಕ ಅವರು ಬರೆಯಹೊರಟದ್ದು ಸೌಲಭ್ಯದ ಬಗ್ಗೆ.

ಘಟಕಕ್ಕೆ ‘ನಿಕಾಯ’ ಎನ್ನುವುದು ಈಗಾಗಲೇ ನೆಲೆಯೂರಿದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಭಾಷಾ ನಿಕಾಯ, ಸಮಾಜ ವಿಜ್ಞಾನಗಳ ನಿಕಾಯ ಇವೆ. ಇಲ್ಲಿ ‘ವಿಭಾಗ’ ಹಾಕಿದರೆ ಮುಂದಿನ ಸಾಲಿನಲ್ಲೇ ಸಿಕ್ಕಿಬೀಳುತ್ತೀರಿ: ಡಿಪಾರ್ಟ್‌ಮೆಂಟೂ ವಿಭಾಗವೇ ಆದ್ದರಿಂದ ‘ಕಲಾ ವಿಭಾಗದ ಇತಿಹಾಸ ವಿಭಾಗ’ ಆಗುತ್ತದೆ. ನಿಯಮಾವಳಿಯಲ್ಲಿ ನಿಕಾಯ ಬಿಡುವಂತಿಲ್ಲ. ಪತ್ರಿಕೆಯ ಸುದ್ದಿಗೆ ‘ಇತಿಹಾಸ ವಿಭಾಗ’ ಅಷ್ಟೇ ಸಾಕು.

ಹೆಚ್ಚು ತಪ್ಪು ಬೀಳುವುದು ಜನರ ಅರ್ಥದಲ್ಲಿ. ಅಮೆರಿಕದಲ್ಲಿ ಇದು ಇಡೀ ಬೋಧಕ ವರ್ಗಕ್ಕೆ ಸಮೂಹವಾಚಕ, ಒಬ್ಬರಾದರೆ ‘ಫ್ಯಾಕಲ್ಟಿ ಮೆಂಬರ್’. ಬ್ರಿಟನ್ನಿನಲ್ಲಿ ಮುಖ್ಯವಾಗಿ ಘಟಕದ ಹೆಸರು. ಅಲ್ಲಿ ಕಲಿಸುವವರು ‘ಅಕಾಡೆಮಿಕ್ ಸ್ಟಾಫ್’. ನಮ್ಮಲ್ಲಿ ‘ಅವರು ಫಿಸಿಕ್ಸ್ ಫ್ಯಾಕಲ್ಟಿ’, ‘ಐದು ಫ್ಯಾಕಲ್ಟಿ ಬೇಕಾಗಿದ್ದಾರೆ’ ಎಂದು ಒಬ್ಬೊಬ್ಬರಿಗೂ ಹೇಳುತ್ತೇವೆ. ಮಾತಿನಲ್ಲಿ ಇರಲಿ, ನನ್ನ ತಕರಾರಿಲ್ಲ. ಆದರೆ ವಿದೇಶಕ್ಕೆ ಕಳಿಸುವ ಅರ್ಜಿಯಲ್ಲಿ ‘ಐ ಆ್ಯಮ್ ಎ ಫ್ಯಾಕಲ್ಟಿ’ ಬೇಡ, ‘ಮೆಂಬರ್’ ಸೇರಿಸಿ, ಇಲ್ಲವೇ ‘ಲೆಕ್ಚರರ್’ ಅನ್ನಿ. ‘ಫ್ಯಾಕಲ್ಟಿ ಆ್ಯಂಡ್ ಸ್ಟಾಫ್’ ಎಂಬ ಅಮೆರಿಕನ್ ಜೋಡಿಗೆ ‘ಬೋಧಕ ಮತ್ತು ಬೋಧಕೇತರ ಸಿಬ್ಬಂದಿ’ ಸರಿ. ‘ಅಧ್ಯಾಪಕರು ಮತ್ತು ಸಿಬ್ಬಂದಿ’ ಎಂದರೆ ಅಧ್ಯಾಪಕರು ಸಿಬ್ಬಂದಿಯೇ ಅಲ್ಲವೆಂಬಂತೆ ಕೇಳುತ್ತದೆ.

‘ಜಾಯ್ನ್ಡ್ ದ ಫ್ಯಾಕಲ್ಟಿ’ ಎಂಬುದು ಇನ್ನೊಂದು ಗುಂಡಿ. ‘ಕಾನೂನು ನಿಕಾಯ ಸೇರಿದರು’ ಎಂದು ಬರೆದರೆ ಕನ್ನಡದ ಓದುಗ ವಿದ್ಯಾರ್ಥಿಯಾಗಿ ಸೇರಿದರು ಎಂದುಕೊಳ್ಳಬಹುದು. ನಾನು ‘ಬೋಧಕರಾಗಿ ಸೇರಿದರು’ ಎಂದೇ ಬಿಡಿಸಿ ಬರೆಯುತ್ತೇನೆ.

ಶಕ್ತಿಯ ಅರ್ಥಕ್ಕೆ ಪದಕ್ಕೆ ಪದ ಜೋಡಿಸಿದರೆ ಕನ್ನಡ ಸೊರಗುತ್ತದೆ. ‘ಫ್ಯಾಕಲ್ಟಿ ಆಫ್ ಸೈಟ್’ ಬರೀ ದೃಷ್ಟಿ, ‘ದೃಷ್ಟಿಯ ಸಾಮರ್ಥ್ಯ’ ಅಲ್ಲ. ‘ಫ್ಯಾಕಲ್ಟಿ ಆಫ್ ಸ್ಪೀಚ್’ ವೈದ್ಯರ ವರದಿಯಲ್ಲಿ ವಾಕ್‌ಶಕ್ತಿ. ಕಥೆಯಲ್ಲಾದರೆ ‘ಲಕ್ವ ಹೊಡೆದು ಮಾತು ನಿಂತುಹೋಯಿತು’. ‘ಕ್ರಿಟಿಕಲ್ ಫ್ಯಾಕಲ್ಟಿ’ಗೆ ವಿವೇಚನೆ. ಮುಂದೆ ‘ಫಾರ್’ ಬಂದರೆ ಅದು ಹುಟ್ಟುಗುಣ, ಎಷ್ಟೋ ಸಲ ವ್ಯಂಗ್ಯ: ‘ತಪ್ಪು ಹೊತ್ತಿನಲ್ಲಿ ತಪ್ಪು ಮಾತಾಡುವ ಫ್ಯಾಕಲ್ಟಿ’ ಎಂಬಂಥ ವಾಕ್ಯಕ್ಕೆ ‘ಎಡವಟ್ಟು ಮಾತಿನಲ್ಲಿ ಅವನದು ಎತ್ತಿದ ಕೈ’ ಎಂದರೆ ಆಯಿತು. ವಯಸ್ಸಾದವರ ಫ್ಯಾಕಲ್ಟಿಗಳು ಕ್ಷೀಣಿಸಿವೆ ಎಂಬುದಕ್ಕೆ ಮನೆಮಾತಿನಲ್ಲಿ ‘ಅರಳು ಮರುಳು’ ಇದೆ, ನಿಜ. ವೈದ್ಯಕೀಯ ಕಾಗದದಲ್ಲಿ ಮಾತ್ರ ಅದು ಅವಮಾನವಾಗುತ್ತದೆ. ಅಲ್ಲಿ ನೆನಪು, ಗಮನ, ಗ್ರಹಿಕೆ ಇವುಗಳಲ್ಲಿ ಯಾವುದು ಕುಂದಿದೆ ಎಂದು ವರದಿಯ ಉಳಿದ ಸಾಲುಗಳಲ್ಲಿ ನೋಡಿ ಅದನ್ನೇ ಬರೆಯಬೇಕು.

ಉಯಿಲಿನ ವಿಷಯದಲ್ಲಂತೂ ಮೈಯೆಲ್ಲ ಕಣ್ಣಾಗಿರಬೇಕು. ‘ಇನ್ ಫುಲ್ ಪೊಸೆಷನ್ ಆಫ್ ಮೈ ಫ್ಯಾಕಲ್ಟೀಸ್’ ಎಂಬ ಸಾಲನ್ನು ‘ನನ್ನ ಸಾಮರ್ಥ್ಯಗಳ ಸಂಪೂರ್ಣ ಸ್ವಾಧೀನದಲ್ಲಿ’ ಎಂದರೆ, ಮುಂದಿನ ಪುಟದ ಜಮೀನಿನ ಪಟ್ಟಿಗೆ ಇದೂ ಒಂದು ಸ್ವತ್ತು ಸೇರಿಕೊಂಡಂತೆ. ‘ಎಲ್ಲ ಇಂದ್ರಿಯಗಳೂ ಸರಿಯಿದ್ದು’ ಎನ್ನುವುದು ಇನ್ನೂ ಅಪಾಯ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 59ನೇ ಕಲಂ ಕೇಳುವುದು ಸ್ವಸ್ಥ ಮನಸ್ಸನ್ನು. ತಾನೇನು ಮಾಡುತ್ತಿದ್ದೇನೆಂದು ತಿಳಿಯಬಲ್ಲ ಕುರುಡರೂ ಕಿವುಡರೂ ಮೂಗರೂ ಉಯಿಲು ಬರೆಯಬಹುದೆಂದು ಅದರ ವಿವರಣೆ ಹೇಳುತ್ತದೆ. ಕಣ್ಣು ಹೋದ ಅಜ್ಜನ ಉಯಿಲಿನಲ್ಲಿ ಇಂದ್ರಿಯಗಳೆಲ್ಲ ಸರಿಯಿವೆ ಎಂದು ಬರೆದರೆ ಮೊದಲ ಸಾಲೇ ಸುಳ್ಳಾಗಿ, ಎದುರು ಪಕ್ಷದವರಿಗೆ ತಕರಾರಿನ ಎಳೆ ಸಿಗುತ್ತದೆ. ಅದಕ್ಕೇ ನಾನು ‘ಸ್ವಸ್ಥಚಿತ್ತದಿಂದ, ಪೂರ್ಣ ತಿಳಿವಳಿಕೆಯಿಂದ’ ಎಂಬ ಹಳೆಯ ದಸ್ತಾವೇಜಿನ ಮಾತನ್ನೇ ಇಟ್ಟು, ವಕೀಲರಿಗೆ ಒಮ್ಮೆ ತೋರಿಸಿ ಕಳಿಸುತ್ತೇನೆ.